ಖಾಲಿ ಫೈಲಿನ ಸೇಡು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುವ ಯೂಸುಫಸಾಬನನ್ನು ಅರಿಯದ ಹಮಾಲನಿರಲಿಲ್ಲ. ದಬ್ಬಣ ಹಿಡಿದು ಕೂತನೆಂದರೆ ಚೀಲದ ಬಾಯಿ ಮುಚ್ಚುವಷ್ಟರಲ್ಲಿ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದ. ಅವನ ಒಬ್ಬಳೇ ಮಗಳು ಮೆಹನಾಜ. ಬಿ.ಕಾಂ. ಮುಗಿಸಿ, ಊರಲ್ಲೇ ಕಂಪ್ಯೂಟರ್ ಕಲಿತು, ಮೋಟೆಬೆನ್ನೂರು ರಸ್ತೆಯಲ್ಲಿದ್ದ ಮಾಲತೇಶಪ್ಪನ ಕೋಲ್ಡ್ ಸ್ಟೋರೇಜಿಗೆ ಆಪರೇಟರ್ ಆಗಿ ಅವಳು ಸೇರಿದ ದಿನ ಯೂಸುಫಸಾಬ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಚಹಾ ಕುಡಿಸಿದ. "ಧೂಳು ಕುಡೀಲಾರದ ದುಡಿಯೂ ಮನಿಷ್ಯಾ ನಮ್ಮ ಮನ್ಯಾಗ ಅಕಿನ ಮೊದಲು" ಎಂದು ಹೇಳಿಕೊಂಡು ತಿರುಗಿದ.

ದರ ಬಿದ್ದಾಗ ರೈತರೂ ವ್ಯಾಪಾರಸ್ಥರೂ ಮಾಲು ತಂದು ಆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಹೋಗುತ್ತಿದ್ದರು. ಬಣ್ಣ ಕೆಡದಂತೆ ತಂಪಿನಲ್ಲಿ ಮಲಗಿದ ಸಾವಿರಾರು ಚೀಲ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಯಾರ ಚೀಲ ಯಾವ ಕೋಣೆಯಲ್ಲಿ, ಯಾವ ಅಟ್ಟದ ಮೇಲೆ, ಯಾವ ಸಾಲಿನಲ್ಲಿದೆ ಎಂಬುದು ಮೆಹನಾಜಳ ಕಂಪ್ಯೂಟರಿನ ಒಂದೇ ಒಂದು ಫೈಲಿಗೆ ಗೊತ್ತಿತ್ತು. ಆ ಲೆಕ್ಕ ಇಡುವ ಪ್ರೋಗ್ರಾಂ ಬರೆದುಕೊಟ್ಟವನು ರಾಣೆಬೆನ್ನೂರಿನ ದುರುಗೇಶ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ರೇಡಿಯೋ ರಿಪೇರಿ ಅಂಗಡಿಯಿಂದ ಶುರು ಮಾಡಿ ತಾನಾಗಿಯೇ ಕಂಪ್ಯೂಟರ್ ಕಲಿತು, ಸುತ್ತಲ ಕೋಲ್ಡ್ ಸ್ಟೋರೇಜುಗಳಿಗೆಲ್ಲ ತನ್ನ ಪ್ರೋಗ್ರಾಂ ಹಾಕಿಕೊಟ್ಟಿದ್ದ. ಅವನು ಬಂದರೆ ಮೆಹನಾಜ ಕುರ್ಚಿ ಬಿಟ್ಟು ಏಳುತ್ತಿದ್ದಳು. ಇಂಥ ಮನುಷ್ಯನ ಹತ್ತಿರ ಕಲಿಯಬೇಕು ಎಂದು ಅವಳ ಮನಸ್ಸಿನಲ್ಲಿತ್ತು.

2004ರ ಬೇಸಿಗೆಯ ಒಂದು ಮಧ್ಯಾಹ್ನ ಲಾರಿ ತುಂಬ ಮಾಲು ಬಂತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಮೆಹನಾಜ ಸೇವ್ ಒತ್ತಿದಳು. ಪರದೆಯ ಮೇಲೆ ಕಾಯಿರಿ ಎನ್ನುವ ಮರಳುಗಡಿಯಾರ ಬಂತು. ಅದು ಹೋಗುವ ಮೊದಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಹೊಸದು ತರಿಸಿರಿ ಅಂದಾಗಲೆಲ್ಲ ಮಾಲತೇಶಪ್ಪ "ನೋಡೂಣು ತಂಗಿ" ಅನ್ನುತ್ತಿದ್ದ. ಜನರೇಟರ್ ಶುರುವಾಗಿ ಕಂಪ್ಯೂಟರ್ ಮತ್ತೆ ಎದ್ದಾಗ ಅದರಲ್ಲಿ ಒಂದು ಚೀಲದ ಲೆಕ್ಕವೂ ಇರಲಿಲ್ಲ.

ಮರುದಿನ ಮುಂಜಾನೆ ದುರುಗೇಶ ಮೋಟರ್ ಸೈಕಲ್ ಮೇಲೆ ಬಂದ. ಮೆಹನಾಜ ಅವನ ಬೆನ್ನ ಹಿಂದೆ ನಿಂತಿದ್ದಳು. ಫೈಲಿನ ಹೆಸರು ಇದ್ದಲ್ಲೇ ಇತ್ತು, ಅದರ ಗಾತ್ರದ ಜಾಗದಲ್ಲಿ ಸೊನ್ನೆ ಇತ್ತು. ಅದನ್ನು ನೋಡಿದಾಗ ಮೌಸ್ ಮೇಲಿದ್ದ ದುರುಗೇಶನ ಕೈ ಗಕ್ಕನೆ ನಿಂತದ್ದನ್ನು ಅವಳು ಕಂಡಳು. ಆಗ ಅದರ ಅರ್ಥ ಅವಳಿಗೆ ಆಗಲಿಲ್ಲ.

ದುರುಗೇಶ ಕುರ್ಚಿ ತಿರುಗಿಸಿದ. "ಸಾವ್ಕಾರ್ರ, ನನ್ನ ಪ್ರೋಗ್ರಾಂ ತಾನಾಗೆ ಏನೂ ಅಳಸೂದಿಲ್ಲ. ಯಾರೋ ಅಳಿಸ್ಯಾರ."

"ಯಾರು ಅಳಸ್ತಾರಪಾ? ಇಲ್ಲಿ ಕುಂದ್ರಾಕಿ ಅಕಿ ಒಬ್ಬಾಕಿನ" ಎಂದ ಮಾಲತೇಶಪ್ಪ.

"ಅದನ್ನ ನಾ ಹೆಂಗ ಹೇಳ್ಲಿ? ಚೀಲ ಹೊರಗ ಹೋಗೂದಿತ್ತಂದ್ರ ಮೊದಲ ಲೆಕ್ಕ ಹೋಗಬೇಕಲ್ರಿ. ಅಷ್ಟ ನಾ ಹೇಳೂದು."

"ಸರ, ಕರೆಂಟ್ ಹೋದಾಗ ಇದಾತ್ರಿ. ನಾ ಏನೂ ಮುಟ್ಟಿಲ್ಲ" ಎಂದಳು ಮೆಹನಾಜ.

ದುರುಗೇಶ ಅವಳ ಕಡೆ ನೋಡಲೇ ಇಲ್ಲ.

ಒಳಗೆ ಹೋಗಿ ಒಂದೊಂದೇ ಚೀಲದ ಮೇಲಿನ ಗುರುತು ಓದಿ ಮತ್ತೆ ಬರೆಯದೆ ಬೇರೆ ದಾರಿ ಇರಲಿಲ್ಲ. ಹಮಾಲರ ಜತೆ ಮೆಹನಾಜಳನ್ನೂ ಒಳಗೆ ಕಳಿಸಿದರು. ಹೊರಗೆ ಸುಡುಬಿಸಿಲು, ಒಳಗೆ ಹಲ್ಲು ಕಟಕಟಿಸುವ ಥಂಡಿ. ಚೀಲ ಸರಿಸಿದಂತೆ ಮೆಣಸಿನಕಾಯಿ ಘಾಟು ಎದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಕೆಮ್ಮಿ ಕೆಮ್ಮಿ ಅವಳ ಧ್ವನಿಯೇ ಹೋಯಿತು. ಕೊನೆಗೆ ಎಲ್ಲ ಚೀಲಗಳೂ ಸಿಕ್ಕವು, ಒಂದೂ ಕಡಿಮೆಯಿರಲಿಲ್ಲ. ಅವು ಸಿಕ್ಕ ದಿನವೇ ಮಾಲತೇಶಪ್ಪ ಅವಳನ್ನು ಕೆಲಸದಿಂದ ಬಿಡಿಸಿದ.

ಚೀಲ ಎಲ್ಲ ಸಿಕ್ಕವು ಎಂಬ ಮಾತು ಪೇಟೆಯವರೆಗೆ ಬರಲಿಲ್ಲ. ಆಪರೇಟರ್ ಹುಡುಗಿ ಲೆಕ್ಕ ಅಳಿಸಿದಳಂತೆ ಎಂಬುದು ಮಾತ್ರ ಬಂತು. "ಅಪ್ಪ ಹೊಲೀತಾನ, ಮಗಳು ಬಿಚ್ಚತಾಳ" ಎಂದು ಯಾರೋ ನಗೆ ಎಬ್ಬಿಸಿದರು. ಆ ಮಾತು ಅಂಗಡಿಯಿಂದ ಅಂಗಡಿಗೆ ಓಡಿತು. ದಲಾಲರು ಯೂಸುಫಸಾಬನನ್ನು ಕರೆಯುವುದು ಕಡಿಮೆಯಾಯಿತು. ಅವನು ಮನೆಗೆ ಬಂದು ಏನೂ ಹೇಳುತ್ತಿರಲಿಲ್ಲ. ಬಾಯಿ ಮುಚ್ಚದೆ ಮಾತಾಡುತ್ತಿದ್ದ ಮನುಷ್ಯ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದ. ಅದನ್ನು ನೋಡಿ ನೋಡಿ ಮೆಹನಾಜಳ ಹೊಟ್ಟೆಯಲ್ಲಿ ಕೆಂಡ ಕೂತಿತು. ಆದರೆ ಯಾರ ಮೇಲೆ ಉಗುಳಬೇಕು ಆ ಕೆಂಡವನ್ನು? ತನ್ನಿಂದಲೇ ಏನೋ ತಪ್ಪಾಗಿರಬೇಕು ಎಂದು ಅವಳೂ ಅರ್ಧ ನಂಬಿದ್ದಳು.

ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರ ಅರುಣಾ ಎಂಬ ಹೆಣ್ಣುಮಗಳು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಹೊಸಬರಿಗೆ ಟೈಪಿಂಗ್ ಹೇಳಿಕೊಡುವ ಕೆಲಸ ಮೆಹನಾಜಳಿಗೆ ಅಲ್ಲಿ ಸಿಕ್ಕಿತು. ಬದಲಿಗೆ ಅರುಣಾ ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದಳು. ಫೈಲಿನಲ್ಲಿ ಬರೆಯುವುದು ಹೇಗೆ ಎಂಬ ಪಾಠ ಬಂದ ದಿನ ಮೆಹನಾಜ ನಾಲ್ಕು ಹೆಸರು ಬರೆಯುವ ಸಣ್ಣ ಪ್ರೋಗ್ರಾಂ ಮಾಡಿದಳು. ಅದು ನಡುವೆ ಎಲ್ಲೋ ತಪ್ಪಿ ನಿಂತುಬಿಟ್ಟಿತು. ತೆರೆದು ನೋಡಿದರೆ ಹಿಂದೆ ಬರೆದಿಟ್ಟ ಹೆಸರುಗಳೂ ಇರಲಿಲ್ಲ. ಗಾತ್ರ ಸೊನ್ನೆ.

"ಟೀಚರ್, ಹೊಸದು ಬರೀಲಿಲ್ಲ, ಖರೇ. ಹಳೇದು ಯಾಕ ಹೋತು?"

"ಬರಿಯಾಕಂತ ತೆರದ ಕೂಡಲೆ ಅದು ಹಳೇದನ್ನ ಒರಸಿಬಿಡತೈತಿ. ಆಮ್ಯಾಲ ಬರಿಯಾಕ ಹತ್ತತೈತಿ" ಎಂದಳು ಅರುಣಾ. "ನಡುವ ಕರೆಂಟ್ ಹೋತಂದ್ರ ಹಳೇದೂ ಇಲ್ಲ, ಹೊಸದೂ ಇಲ್ಲ. ಪ್ರೋಗ್ರಾಂ ಬರಿಯೋರಿಗೆ ಮೊದಲ ಕಲಸೂದ ಇದನ್ನ."

ಮೆಹನಾಜ ಪರದೆಯ ಮೇಲಿನ ಸೊನ್ನೆಯನ್ನು ನೋಡುತ್ತ ಕೂತಳು. ಮೌಸ್ ಮೇಲೆ ನಿಂತುಹೋದ ಆ ಕೈ ಅವಳ ಕಣ್ಣಿಗೆ ಕಟ್ಟಿತು. ದುರುಗೇಶನಿಗೆ ಗೊತ್ತಿತ್ತು. ಸೊನ್ನೆ ಕಂಡ ಗಳಿಗೆಯಲ್ಲೇ ಗೊತ್ತಾಗಿತ್ತು. ಗೊತ್ತಿದ್ದೇ ಅವಳನ್ನು ಕಳ್ಳಿ ಮಾಡಿ ಮೋಟರ್ ಸೈಕಲ್ ಹತ್ತಿ ಹೋಗಿದ್ದ. ಅಂದು ಬಸ್ಸಿನಲ್ಲಿ ಬ್ಯಾಡಗಿಗೆ ಬರುವಾಗ ಅವಳಿಗೆ ಎಷ್ಟೋ ತಿಂಗಳ ಮೇಲೆ ಹಗುರ ಅನ್ನಿಸಿತು. ಕೆಂಡಕ್ಕೆ ಈಗ ಒಂದು ಹೆಸರು ಸಿಕ್ಕಿತ್ತು.

ದುರುಗೇಶನ ಅನ್ನ ಕಿತ್ತುಕೊಳ್ಳಬೇಕು, ಅದೂ ಪ್ರೋಗ್ರಾಂನಿಂದಲೇ ಎಂದು ಅವಳು ಹಟ ತೊಟ್ಟಳು. ಕೋಲ್ಡ್ ಸ್ಟೋರೇಜಿಗೆ ತಾನೇ ಒಂದು ಪ್ರೋಗ್ರಾಂ ಬರೆಯತೊಡಗಿದಳು. ಹಳೆಯ ಫೈಲನ್ನು ಮುಟ್ಟದೆ, ಪಕ್ಕದಲ್ಲಿ ಬೇರೆ ಹೆಸರಿನಿಂದ ಹೊಸದನ್ನು ಪೂರ್ತಿ ಬರೆಯುವುದು. ಅದು ಮುಗಿದ ಮೇಲೆ ಹೊಸದಕ್ಕೆ ಹಳೆಯದರ ಹೆಸರು ಕೊಡುವುದು. ನಡುವೆ ಯಾವ ಗಳಿಗೆಯಲ್ಲಿ ಕರೆಂಟ್ ಹೋದರೂ ಎರಡರಲ್ಲಿ ಒಂದಾದರೂ ಉಳಿಯಬೇಕು.

ಕ್ಲಾಸಿನ ಒಂದು ಹಳೇ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ, ಸೇವ್ ಆಗುತ್ತಿರುವಾಗ ವೈರ್ ಕಿತ್ತಳು. ಮತ್ತೆ ಹಚ್ಚಿ ನೋಡಿದರೆ ಹೆಸರು ಬದಲಾಗಿತ್ತು, ಹೊಸ ಫೈಲೂ ಇತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಅರುಣಾ ಯಾರನ್ನೋ ಕೇಳಿ, ಪುಸ್ತಕ ನೋಡಿ ಕಾರಣ ಹುಡುಕಿದಳು. "ಬರದೇನಿ ಅಂತ ಅದು ಹೇಳತೈತಿ, ಖರೇ ಬರದಿರೂದಿಲ್ಲ. ತನ್ನ ನೆನಪಿನ್ಯಾಗ ಇಟಗೊಂಡು ಆಮ್ಯಾಲ ಪುರಸೊತ್ತಾದಾಗ ಡಿಸ್ಕಿಗೆ ಹಾಕತೈತಿ. ಈಗಿಂದೀಗ ಹಾಕು, ಹಾಕಿದ ಮ್ಯಾಲ ಹೇಳು ಅಂತ ನಾವ ಹುಕುಂ ಮಾಡಬೇಕು. ಅಲ್ಲೀತನಕ ಹೆಸರು ಬದಲಸಬಾರದು."

"ಸುಳ್ಳು ಹೇಳೂದ್ರಾಗ ಇದೂ ದುರುಗೇಶನ ತಮ್ಮನ ಐತಿ" ಎಂದಳು ಮೆಹನಾಜ. ಅರುಣಾ ನಕ್ಕಳು. ಮೆಹನಾಜ ನಗಲಿಲ್ಲ. ಹುಕುಂ ಸೇರಿಸಿದಳು. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ ಸಾಲುಗಳನ್ನೂ ಸೇರಿಸಿದಳು. ಆಮೇಲೆ ವೈರ್ ಕೀಳಲು ನಿಂತಳು. ಕಿತ್ತಳು, ಹಚ್ಚಿದಳು, ಮತ್ತೆ ಕಿತ್ತಳು. ಪ್ರತಿ ಸಲ ಕೀಳುವಾಗಲೂ ಹಲ್ಲು ಕಚ್ಚಿರುತ್ತಿದ್ದಳು. ಆ ಕಂಪ್ಯೂಟರ್ ಕೊನೆಗೆ ಕೆಟ್ಟೇಹೋಯಿತು, ಫೈಲು ಕೆಡಲಿಲ್ಲ.

ಪ್ರೋಗ್ರಾಂ ತಯಾರಾಯಿತು. ಇನ್ನು ನಾಲ್ಕಾರು ಕಡೆ ಹೋಗಿ ತೋರಿಸಿದ್ದರೆ ಮಂದಿ ತಗೊಳ್ಳುತ್ತಿದ್ದರೇನೋ. ಆದರೆ ಅಷ್ಟರಿಂದ ಅವಳ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ. ದುರುಗೇಶ ಅದೇ ಸುಳ್ಳನ್ನು, ಅದೇ ಮಾಲತೇಶಪ್ಪನ ಮುಂದೆ, ಇನ್ನೊಮ್ಮೆ ಹೇಳಬೇಕು. ಹೇಳಿದ ಬಾಯಿ ಮುಚ್ಚುವ ಮೊದಲು ತಾನು ಎದುರಿಗಿರಬೇಕು. ಅವಳಿಗೆ ಬೇಕಾದದ್ದು ಅದು.

ಅವಕಾಶ ಅಗಡಿಯ ಅಲ್ಲಾವುದ್ದೀನ ಮಾಮುವಿನಿಂದ ಬಂತು. ತಾಯಿಯ ಅಣ್ಣ ಅವನು. ಅವನ ಹೊಲದ ಮೆಣಸಿನಕಾಯಿ ಮಾಲತೇಶಪ್ಪನ ಕೋಲ್ಡ್ ಸ್ಟೋರೇಜಿನಲ್ಲಿತ್ತು. 2006ರಲ್ಲಿ ದರ ಏರಿತೆಂದು ಅದನ್ನು ಹೊರಗೆ ತೆಗೆಯಲು ಹೊರಟ. "ನಾನೂ ಬರ್ತೇನಿ ಮಾಮು" ಎಂದು ಮೆಹನಾಜ ತಾಯಿಯ ಬುರ್ಖಾ ಹಾಕಿ ಮುಖ ಮುಚ್ಚಿಕೊಂಡು ಅವನ ಜತೆ ಹೋದಳು. ಅವಳ ಚೀಲದಲ್ಲಿ ಫ್ಲಾಪಿಗಳಿದ್ದವು. ಮಾಮುವಿಗೆ ಏನೂ ಗೊತ್ತಿರಲಿಲ್ಲ.

ಅವಳ ಹಳೇ ಕುರ್ಚಿಯಲ್ಲಿ ಪ್ರಿಯಾಂಕಾ ಎಂಬ ಹುಡುಗಿ ಕೂತಿದ್ದಳು. ಮೋಟೆಬೆನ್ನೂರಿನವಳು, ಸೇರಿ ಬಹಳ ದಿನವಾಗಿರಲಿಲ್ಲ. "ಕುಂದ್ರಿ ಅಕ್ಕಾರ, ಲಗೂ ಕೊಡಸ್ತೇನಿ" ಎಂದು ಬೆಂಚು ತೋರಿಸಿ ಹಮಾಲರನ್ನು ಕರೆಯಲು ಹೋದಳು. ಮಾಮು ಹೊರಗೆ ಗಾಡಿಯ ಹತ್ತಿರ ಇದ್ದ. ಅಷ್ಟರಲ್ಲಿ ಮೆಹನಾಜ ಲೆಕ್ಕದ ಫೈಲನ್ನು ಫ್ಲಾಪಿಗೆ ಇಳಿಸಿಕೊಂಡು ಬಾಗಿಲ ಬಳಿ ನಿಂತಳು. ಆಫೀಸಿನ ಮೇನ್ ಸ್ವಿಚ್ ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಯುಪಿಎಸ್ ಬ್ಯಾಟರಿ ಈಗಲೂ ಸತ್ತೇ ಇತ್ತು. ಪ್ರಿಯಾಂಕಾ ಬಂದು ಮಾಮುವಿನ ಹೆಸರು ಹುಡುಕಿ, ಚೀಲ ಹೊರಗೆ ಎಂದು ಬರೆದು, ಸೇವ್ ಒತ್ತಿದಳು. ಮರಳುಗಡಿಯಾರ ಬಂತು. ಮೆಹನಾಜ ಬೆನ್ನಿಗೆ ತಾಗಿದ್ದ ಸ್ವಿಚ್ಚನ್ನು ಕೆಳಗೆಳೆದು, ಸ್ವಲ್ಪ ತಡೆದು ಮೇಲೆತ್ತಿದಳು.

ಕಂಪ್ಯೂಟರ್ ಎದ್ದಿತು. ಲೆಕ್ಕ ಖಾಲಿ. ಪ್ರಿಯಾಂಕಾಳ ಮುಖದ ರಕ್ತ ಇಳಿದುಹೋದದ್ದನ್ನು ಮೆಹನಾಜ ಮುಸುಕಿನೊಳಗಿಂದ ನೋಡಿದಳು.

ಮಾಲತೇಶಪ್ಪ ಬಂದ, ಕೂಗಾಡಿದ, ರಾಣೆಬೆನ್ನೂರಿಗೆ ಫೋನ್ ಮಾಡಿದ. ದುರುಗೇಶ ಸಂಜೆ ಬರುತ್ತೇನೆಂದ. "ಅವ ಬರೂತನ ಏನ ನೋಡ್ತಿ? ಒಳಗ ಹೋಗು, ಚೀಲದ ಮ್ಯಾಲ ಏನ ಬರದೇತಿ ಓದು" ಎಂದು ಪ್ರಿಯಾಂಕಾಳನ್ನು ಹಮಾಲರ ಜತೆ ಒಳಗೆ ಅಟ್ಟಿದ. ಚೀಲ ಸಿಗದ ಗಿರಾಕಿಗಳಾಗಿ ಮಾಮುವೂ ಮೆಹನಾಜಳೂ ಬೆಂಚಿನ ಮೇಲೆ ಕೂತರು. ಒಳಬಾಗಿಲು ತೆರೆದಾಗೆಲ್ಲ ತಣ್ಣನೆಯ ಘಾಟು ಹೊರಗೆ ಬರುತ್ತಿತ್ತು, ಅದರ ಜತೆ ಪ್ರಿಯಾಂಕಾಳ ಕೆಮ್ಮೂ ಬರುತ್ತಿತ್ತು. ಒಂದೆರಡು ಸಲ ಮೆಹನಾಜಳ ಕೈ ಚೀಲದ ಕಡೆ ಹೋಯಿತು. ಈಗ ಕೊಟ್ಟರೆ ದುರುಗೇಶ ತಪ್ಪಿಸಿಕೊಳ್ಳುತ್ತಾನೆ ಎಂದು ಕೈ ಹಿಂದೆ ತಗೊಂಡಳು. ಮಾಮು ಊಟಕ್ಕೆ ಕರೆದರೂ ಏಳಲಿಲ್ಲ.

ಹೊತ್ತು ಇಳಿಯುವಾಗ ದುರುಗೇಶ ಬಂದ. ಫೈಲು ನೋಡಿದ. ಈ ಸಲ ಅವನ ಕೈ ನಿಲ್ಲಲೂ ಇಲ್ಲ.

"ಅಳಿಸ್ಯಾರ್ರಿ ಸಾವ್ಕಾರ್ರ. ಮೊದಲಿದ್ದ ಆ ಸಾಬರ ಹುಡುಗಿ ಮಾಡಿದ್ಲಲ್ಲ, ಹಂಗ. ನೀವು ಎಂಥಾವ್ರನ್ನ ಇಟಗೋತೀರೋ ಏನೋ."

ಮೆಹನಾಜ ಎದ್ದು ಬಂದು ಮುಸುಕು ತೆಗೆದಳು. "ಆ ಸಾಬರ ಹುಡುಗಿ ಇಲ್ಲೇ ಅದೇನ್ರಿ ಸರ."

ದುರುಗೇಶ ಕುರ್ಚಿಯಿಂದ ಅರ್ಧ ಎದ್ದ. ಮಾಲತೇಶಪ್ಪ "ಏ, ನಿನ್ನ ಯಾರ ಒಳಗ ಬಿಟ್ರು?" ಎಂದ.

"ಹೊರಗ ಹಾಕಸ್ರಿ ಸಾವ್ಕಾರ್ರ, ಬ್ಯಾಡ ಅನ್ನೂದಿಲ್ಲ. ಮೊದಲ ನಾ ಹೇಳಿದ್ದೊಂದು ಮಾಡ್ರಿ. ನಿಮ್ಮ ಫೈಲ್ ನನ್ನ ಹತ್ರ ಐತಿ. ಹಾಕತೇನಿ. ಸರ ಸೇವ್ ಒತ್ತಲಿ. ಗಡಿಯಾರ ಬಂದ ಕೂಡಲೆ ನಿಮ್ಮ ಕೈಯಾರೆ ಸ್ವಿಚ್ ಕೆಳಗೆಳೀರಿ. ಯಾರು ಅಳಸ್ತಾರ ನೋಡೂಣು."

ದುರುಗೇಶ ಅಷ್ಟೆಲ್ಲ ಯಾಕೆ, ಹೊತ್ತಾಯಿತು ಎಂದ. ಅವನು ಹಾಗೆ ಅಂದದ್ದಕ್ಕೇ ಮಾಲತೇಶಪ್ಪನಿಗೆ ಅನುಮಾನ ಬಂತು. "ಒತ್ತೋ" ಎಂದ. ಫ್ಲಾಪಿಯಿಂದ ಫೈಲು ಬಂತು, ಲೆಕ್ಕವೆಲ್ಲ ಮರಳಿ ಕಂಡಿತು. ದುರುಗೇಶ ಸೇವ್ ಒತ್ತಿದ. ಮಾಲತೇಶಪ್ಪ ಸ್ವಿಚ್ ಎಳೆದ. ಮತ್ತೆ ಹಚ್ಚಿದಾಗ ಫೈಲಿನ ಮುಂದೆ ಸೊನ್ನೆ ಕೂತಿತ್ತು. ನಂಬಿಕೆಯಾಗದೆ ಇನ್ನೊಮ್ಮೆ ಮಾಡಿಸಿದ. ಆಗಲೂ ಸೊನ್ನೆ.

"ನಿನಗ ಗೊತ್ತಿತ್ತೇನಲೇ?" ಎಂದು ಮಾಲತೇಶಪ್ಪ ಕೇಳಿದ.

ದುರುಗೇಶ ಮೌಸ್ ಬಿಟ್ಟು ಎದ್ದು ನಿಂತ. ಆಮೇಲೆ ಮೆಹನಾಜಳಿಗೇ ಹೇಳಿದ. "ನನ್ನ ಪ್ರೋಗ್ರಾಂ ತಪ್ಪು ಅಂದಿದ್ರ ಎಲ್ಲಾ ಕೋಲ್ಡ್ ಸ್ಟೋರೇಜನವ್ರೂ ಬಿಡತಿದ್ರು. ಆವಾಗ ನನ್ನ ಮಗ್ಗಲಕ ನೀ ನಿಂತಿದ್ದಿ. ನಿನ್ನ ಹೆಸರು ಹೇಳಿದೆ. ತಿದ್ದೂದು ಹೆಂಗ ಅಂತ ಖರೇನ ನನಗ ಗೊತ್ತಿರಲಿಲ್ಲ."

ಎರಡು ವರ್ಷ ಈ ಮಾತಿಗಾಗಿಯೇ ಕಾದಿದ್ದಳು. ಕೇಳಿ ಅವಳ ಮೈಯೆಲ್ಲ ಬಿಸಿಯಾಯಿತು, ಸುಖದಿಂದಲೇ. ಅಷ್ಟರಲ್ಲಿ ಮಾಲತೇಶಪ್ಪ ಕೇಳಿದ, "ಇವತ್ತ ಕರೆಂಟ್ ಯಾರ ತಗದ್ರು ಹಂಗಾದ್ರ?"

"ನಾನ ತಗದೆ."

ಒಳಬಾಗಿಲಲ್ಲಿ ಪ್ರಿಯಾಂಕಾ ನಿಂತಿದ್ದಳು. ಕಣ್ಣು ಊದಿ ಕೆಂಪಾಗಿದ್ದವು, ತುಟಿ ನೀಲಿಗಟ್ಟಿತ್ತು. ಎಷ್ಟು ಕೇಳಿಸಿಕೊಂಡಿದ್ದಳೋ, ಮೆಹನಾಜಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಮಧ್ಯಾನದಿಂದ ನೀವು ಈ ಬೆಂಚಿನ ಮ್ಯಾಲ ಕುಂತಿದ್ರಿ. ಫ್ಲಾಪಿ ನಿಮ್ಮ ಚೀಲದಾಗಿತ್ತು. ಅಲ್ಲರೀ?"

ಮೆಹನಾಜ ಹೂಂ ಅಂದಳು.

"ಒಳಗ ಹೆಂಗಿರತೈತಿ ಅಂತ ನಿಮಗ ಗೊತ್ತಿತ್ತು. ದುರುಗೇಶ ಸರಗ ಅದು ಗೊತ್ತಿರಲಿಲ್ಲ" ಎಂದು ಹೇಳಿ ಪ್ರಿಯಾಂಕಾ ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ಮರುದಿನದಿಂದ ಕೆಲಸಕ್ಕೂ ಬರಲಿಲ್ಲ.

ಮಾಲತೇಶಪ್ಪ ಆವತ್ತು ಫೈಲನ್ನು ಮತ್ತೆ ಹಾಕಿಸಿಕೊಂಡು, ದುರುಗೇಶ, ಮೆಹನಾಜ ಇಬ್ಬರನ್ನೂ ಬೈದು ಹೊರಗೆ ಹಾಕಿದ. ಆದರೆ ಸುದ್ದಿ ನಿಲ್ಲಲಿಲ್ಲ. ಬ್ಯಾಡಗಿಯಲ್ಲಿ ಒಬ್ಬೊಬ್ಬರೇ ಸಾವ್ಕಾರರು ಸ್ವಿಚ್ ಎಳೆದು ನೋಡಿದರು, ದುರುಗೇಶನನ್ನು ಬಿಟ್ಟರು. ಮೆಹನಾಜ ಅವರ ಬಾಗಿಲಿಗೆ ಹೋಗಿ ತನ್ನ ಪ್ರೋಗ್ರಾಂ ಹಾಕಿಕೊಟ್ಟಳು. ಒಂದು ಹಬ್ಬದಿಂದ ಮುಂದಿನ ಹಬ್ಬಕ್ಕೆ ದುರುಗೇಶನ ಅಂಗಡಿಯ ಕಂಪ್ಯೂಟರ್ ಬೋರ್ಡು ಇಳಿದು ಮೊಬೈಲ್ ರಿಪೇರಿ ಬೋರ್ಡು ಏರಿತು. ರಾಣೆಬೆನ್ನೂರಿನಲ್ಲಿ ಕೆಲಸವಿಲ್ಲದಿದ್ದರೂ ಅವಳು ಒಮ್ಮೆ ಬಸ್ಸಿಳಿದು ಆ ಅಂಗಡಿಯ ಮುಂದೆ ನಿಧಾನವಾಗಿ ನಡೆದುಹೋದಳು. ಒಳಗಿನಿಂದ ದುರುಗೇಶ ನೋಡಿದ. ನೋಡಲಿ ಎಂದೇ ಅವಳು ಹೋಗಿದ್ದಳು.

ಕೊನೆಗೆ ಮಾಲತೇಶಪ್ಪನೂ ಹೇಳಿಕಳಿಸಿದ. ಹಾಕಿಕೊಡುತ್ತೇನೆ, ಆದರೆ ಸಾವ್ಕಾರರು ಪೇಟೆಗೆ ಬಂದು ಹಮಾಲರ ಎದುರಿಗೆ ನಮ್ಮ ಅಬ್ಬಾಗೆ ತಪ್ಪಾಯಿತು ಅನ್ನಬೇಕು ಎಂದು ಅವಳು ಉತ್ತರ ಕೊಟ್ಟಳು. ಒಂದು ಸೀಸನ್ ಹಟ ಹಿಡಿದು ಕೂತ ಮಾಲತೇಶಪ್ಪ, ಆಮೇಲೆ ಬಂದ. ಬಿಸಿಲಲ್ಲಿ ನಿಂತು, "ಯೂಸುಫಸಾಬ, ನಿನ್ನ ಮಗಳು ಲೆಕ್ಕ ಅಳಿಸಿರಲಿಲ್ಲಪಾ. ನಾನ ತಪ್ಪಿದೆ" ಎಂದ. ಹಮಾಲರೆಲ್ಲ ಕೇಳಿದರು. ಯೂಸುಫಸಾಬ ಮಾತ್ರ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಮಗಳಿಗೆ, "ವಯಸ್ಸಾದ ಮನಿಷ್ಯಾನ್ನ ಹಂಗ ಬಿಸಲಾಗ ನಿಂದ್ರಸಬಾರದಿತ್ತು ಬೇಟಾ" ಎಂದ. ಆದರೂ ಅಂದಿನಿಂದ ಅವನ ಮಾತು ಮರಳಿತು.

ಪ್ರಿಯಾಂಕಾಳ ಮನೆಗೆ ಮೆಹನಾಜ ಎರಡು ಸಲ ಹೋಗಿ ಬಂದಳು. ನನ್ನ ಜತೆ ಕೆಲಸ ಮಾಡು, ಎಲ್ಲ ಕಲಿಸುತ್ತೇನೆ ಎಂದು ಕೇಳುವುದಿತ್ತು. ಮೊದಲ ಸಲ ತಾಯಿ ನೀರು ಕೊಟ್ಟು, ಮಗಳು ಮನೆಯಲ್ಲಿಲ್ಲ ಎಂದಳು. ಎರಡನೇ ಸಲ ಪ್ರಿಯಾಂಕಾ ತಾನೇ ಬಾಗಿಲಿಗೆ ಬಂದು, "ನಿಮ್ಮ ಕೂಡ ಕುಂತು ನಾ ಏನ ಕಲೀಲ್ರಿ?" ಎಂದು ಕೇಳಿದಳು. ಮೂರನೇ ಸಲ ಮೆಹನಾಜ ಹೋಗಲಿಲ್ಲ.

2009ರಲ್ಲಿ ದುರುಗೇಶ ಹಾವೇರಿಯ ಕ್ಲಾಸಿಗೆ ಬಂದ. ಆಗ ಅದನ್ನು ಅರುಣಾ ಮತ್ತು ಮೆಹನಾಜ ಕೂಡಿ ನಡೆಸುತ್ತಿದ್ದರು. ಅವನು ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದ. ತನ್ನ ಊರಿನ ರಕ್ತದಾನಿಗಳ ಹೆಸರು, ಗುಂಪು, ಫೋನ್ ನಂಬರು ಇಡುವ ಪ್ರೋಗ್ರಾಂ ಬರೆಯುತ್ತಿದ್ದಾನೆ. ಅವಸರದ ಗಳಿಗೆಯಲ್ಲಿ ಅದು ಖಾಲಿಯಾದರೆ ಹೆಣ ಬೀಳುತ್ತದೆ. "ಹಳೇದು ಉಳಿಯೂ ಹಂಗ ಬರಿಯೂದು ನಿನಗ ಗೊತ್ತೈತಿ. ಅಷ್ಟ ಹೇಳಿಕೊಡವಾ."

"ಹೇಳೂದಿಲ್ಲ" ಎಂದಳು ಮೆಹನಾಜ.

ಅವಳು ಪರದೆಯ ಕಡೆ ತಿರುಗಿ ಕೆಲಸ ಮುಂದುವರಿಸಿದಳು. ಅವನು ಮೆಟ್ಟಿಲು ಇಳಿದ ಸದ್ದು ಕೇಳಿತು. ಅವನ ಹಿಂದೆ ಅರುಣಾಳೂ ಇಳಿದು ಹೋದಳು, ಬಹಳ ಹೊತ್ತಿನ ಮೇಲೆ ಬಂದಳು.

"ಹೇಳಿಕೊಟ್ರೇನ್ರಿ?"

"ಹೂಂ. ಚಹಾದ ಅಂಗಡ್ಯಾಗ ಕುಂತು ಬರದುಕೊಟ್ಟೆ."

"ಅವ ನನಗ ಏನ ಮಾಡ್ಯಾನ ಅಂತ ನಿಮಗ ಗೊತ್ತೈತಿ ಟೀಚರ್."

"ಗೊತ್ತೈತಿ. ರಕ್ತ ಬೇಕಾದವ್ರು ನಿನಗ ಏನೂ ಮಾಡಿಲ್ಲಲ್ಲ. ಆ ಪ್ರಿಯಾಂಕಾನೂ ಮಾಡಿರಲಿಲ್ಲ."

ಮೆಹನಾಜ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಅಲ್ಲಿಂದ ಮುಂದೆ ಬಹಳ ದಿನ ಕ್ಲಾಸಿಗೆ ಕಾಲಿಡಲಿಲ್ಲ, ಬ್ಯಾಡಗಿಯ ಕೆಲಸವನ್ನಷ್ಟೇ ನೋಡಿಕೊಂಡಳು. ರಂಜಾನ್ ಹಬ್ಬಕ್ಕೆ ಮನೆಯಲ್ಲಿ ಶಾವಿಗೆಯ ಸುರಕುಂಬಾ ಮಾಡಿದಾಗ ಒಂದು ಡಬ್ಬಿ ತುಂಬಿ ಅಪ್ಪನ ಕೈಯಲ್ಲಿ ಕೊಟ್ಟು, ಅರುಣಾ ಟೀಚರ್ ಮನೆಗೆ ಮುಟ್ಟಿಸು ಎಂದಳು.

"ನೀನ ಹೋಗಿ ಕೊಡು" ಎಂದ ಯೂಸುಫಸಾಬ.

"ಇನ್ನೂ ಆಗೂದಿಲ್ಲ ಅಬ್ಬಾ. ಇನ್ನಷ್ಟು ದಿನ ಹೋಗ್ಲಿ" ಎಂದು ಅವಳು ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.